ಹೆಸರುಗಳ ಸಾಮ್ಯವೂ ಗಣಕಯಂತ್ರವೂ

ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಪಟ್ಟಿಯನ್ನು ಸಿದ್ಧಪಡಿಸುವವರಿಗೆ ಎದುರಾಗುವ ಮೊದಲ ತೊಡಕು ಹೆಸರುಗಳದು. ದಾಖಲಾತಿ ಪುಸ್ತಕದ ‘ಬಸಪ್ಪ’ನವರು ಅಂಕಪಟ್ಟಿಯಲ್ಲಿ ‘ಬಸವಪ್ಪ’ನವರಾಗಿರುತ್ತಾರೆ. ಕರಾವಳಿಯಲ್ಲಿ ನೆಲೆಸಿದ ನಮ್ಮ ವಿದ್ಯಾರ್ಥಿಗಳ ವಿಳಾಸಗಳಂತೂ ಇನ್ನೂ ವಿಚಿತ್ರ. ಇಂಗ್ಲಿಷ್ ಬರೆವಣಿಗೆಯಲ್ಲಿ ಉಡುಪಿಯು ‘ಉಡಿಪಿ’ಯಾಗಿ, ಕಾಪು ‘ಕೌಪ್’ ಆಗಿ, ಕಾರ್ಕಳವು ‘ಕಾರ್ಕಲ್’ ಆಗಿ ಕಾಣುತ್ತವೆ. ಮಣಿಪಾಲವು ತನ್ನ ಣಕಾರವನ್ನು ಕಳೆದುಕೊಳ್ಳುತ್ತದೆ. ತುಳುವರ ಬಾಯಲ್ಲಿ ಉಡುಪಿ ‘ಒಡಿಪು’, ಕಾರ್ಕಳ ‘ಕಾರ್ಲ’.

ಹಿಂದೊಮ್ಮೆ ನಾನೇ ತಿದ್ದಿಕೊಟ್ಟ ಪಟ್ಟಿಯೊಂದರಲ್ಲಿ ಬಸಪ್ಪ, ಬಸವಪ್ಪ ಎಂಬ ಇಬ್ಬರನ್ನು ಒಬ್ಬರೆಂದೇ ಬಗೆದು ಒಂದು ಹೆಸರನ್ನು ಹೊಡೆದುಹಾಕಿದೆ. ಒಬ್ಬರು ತಂದೆಯ ನೆನಪಿಗಾಗಿ ಪ್ರಸಾದನಿಲಯಕ್ಕೆ ಕೊಟ್ಟ ಕಾಣಿಕೆಯು ಇನ್ನೊಬ್ಬರ ಹೆಸರಿನಲ್ಲಿ ಅಚ್ಚಾಯಿತು. ಆ ಹಿರಿಯರು ಏನನ್ನೂ ಆಡಲಿಲ್ಲ. ನನಗೆ ಮಾತ್ರ ಅದು ಮರೆಯದಾಯಿತು. ಈ ಕೆಲಸವನ್ನು ಗಣಕಯಂತ್ರವು ಹೇಗೆ ಮಾಡುತ್ತದೆಂದು ತಿಳಿಯುವ ಕುತೂಹಲ ಹುಟ್ಟಿದ್ದು ಅಂದಿನಿಂದಲೇ.

ಈ ವಿದ್ಯೆ ಗಣಕಯಂತ್ರಕ್ಕಿಂತ ಹಳೆಯದು. 1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಎಂಬವರು ಹೆಸರುಗಳನ್ನು ಉಚ್ಚಾರಣೆಯಂತೆ ವಿಂಗಡಿಸುವ ಕ್ರಮವೊಂದಕ್ಕೆ ಪೇಟೆಂಟ್ ಪಡೆದರು. ಅದರಿಂದ ಬೆಳೆದ ‘ಸೌಂಡೆಕ್ಸ್’ ವಿಧಾನವನ್ನು 1930ರ ದಶಕದಲ್ಲಿ ಅಲ್ಲಿಯ ಜನಗಣತಿಯ ಹೆಸರುಪಟ್ಟಿಗೆ ಬಳಸಿದರು. ಮೊದಲ ಅಕ್ಷರವನ್ನು ಉಳಿಸಿಕೊಂಡು, ಮುಂದಿನ ಸ್ವರಗಳನ್ನು ಬಿಟ್ಟು, ಪ-ಬ-ವಗಳಿಗೆ 1, ಕ-ಗ-ಸಗಳಿಗೆ 2, ತ-ದಗಳಿಗೆ 3, ಲಕಾರಕ್ಕೆ 4, ಮ-ನಗಳಿಗೆ 5, ರಕಾರಕ್ಕೆ 6 ಎಂದು ಅಂಕಿಗಳನ್ನಿಡುವುದು ಇದರ ಸಾರ. ಅಂಕಿ ಮೂರಕ್ಕಿಂತ ಕಡಮೆಯಾದರೆ ಸೊನ್ನೆಯಿಂದ ತುಂಬುತ್ತಾರೆ. ಉಡುಪಿ, ಉಡಿಪಿಗಳೆರಡೂ ಯು-310. ಕಾರ್ಕಳ, ಕಾರ್ಕಲ್‌ಗಳೆರಡೂ ಕೆ-624. ಕಾಪು, ಕೌಪ್‌ಗಳೆರಡೂ ಕೆ-100. ಇಲ್ಲಿಯವರೆಗೆ ಸರಿಯೇ. ಆದರೆ ಘಟ್ಟದ ಮೇಲಿನ ಕೊಪ್ಪವೂ ಕೆ-100! ಕಾಪುವಿನ ಕಾಗದವು ಕೊಪ್ಪವನ್ನು ಸೇರಿದರೆ ಆಶ್ಚರ್ಯವಿಲ್ಲ. ಇತ್ತ ಬಸಪ್ಪ ಬಿ-210, ಬಸವಪ್ಪ ಬಿ-211. ಕೂಡಬೇಕಾದವು ಇಲ್ಲಿ ಅಗಲುತ್ತವೆ.

ಎರಡನೆಯ ವಿಧಾನವು ರಷ್ಯದ ಗಣಿತಜ್ಞ ಲೆವೆನ್‌ಸ್ಟೈನ್ 1965ರಲ್ಲಿ ಪ್ರಕಟಿಸಿದುದು. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂಬ ಎಣಿಕೆಯೇ ಆ ಪದಗಳ ನಡುವಣ ದೂರ. ಬಸಪ್ಪನಿಗೆ ಒಂದು ವಕಾರವನ್ನು ಸೇರಿಸಿದರೆ ಬಸವಪ್ಪ; ದೂರ ಒಂದೇ. ಆದರೆ ರಾಜು ಮತ್ತು ರಾಜಿಯರ ನಡುವೆಯೂ ಅದೇ ದೂರ. ಒಬ್ಬನು ಪುರುಷ, ಒಬ್ಬಳು ಸ್ತ್ರೀ!

ಆದುದರಿಂದ ಕನ್ನಡಕ್ಕೆ ಕನ್ನಡದ್ದೇ ಸೂತ್ರ ಬೇಕು. ಅದರ ಸಾಮಗ್ರಿಯು ನಮ್ಮ ವ್ಯಾಕರಣಗಳಲ್ಲಿದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ತದ್ಭವವಾಗುವ ಬಗೆಯನ್ನು ನಿರೂಪಿಸಿದ್ದಾನೆ. ವೃಷಭವು ಬಸವನಾದುದನ್ನು ಬಲ್ಲವನಿಗೆ ವಕಾರ ಬಕಾರಗಳ ನಂಟು ಹೊಸದಲ್ಲ. ಹಳಗನ್ನಡದ ಪುಲಿಯು ನಮ್ಮಲ್ಲಿ ಹುಲಿಯಾಯಿತು, ತುಳುವಿನಲ್ಲಿ ಪಿಲಿಯೆಂದಿದೆ. ಕೋೞಿಯ ೞಕಾರವು ಕನ್ನಡದಲ್ಲಿ ಳಕಾರವಾಗಿ ‘ಕೋಳಿ’, ತುಳುವಿನಲ್ಲಿ ರಕಾರವಾಗಿ ‘ಕೋರಿ’. ಹಾಗೆಯೇ ಬಾಳೆ, ಬಾರೆ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು 1988ರಿಂದ 1997ರ ವರೆಗೆ ಆರು ಸಂಪುಟಗಳಲ್ಲಿ ಹೊರತಂದ, ಯು. ಪಿ. ಉಪಾಧ್ಯಾಯರು ಸಂಪಾದಿಸಿದ ‘ತುಳು ನಿಘಂಟು’ವಿನಲ್ಲಿ ಇಂತಹ ಪ್ರಾದೇಶಿಕ ರೂಪಭೇದಗಳ ಸಂಗ್ರಹವೇ ಇದೆ. ಯಂತ್ರಕ್ಕೆ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಆಕರ ಬೇಕೆ?

ಪಂಡಿತರ ನೆರವಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಆ ೞಕಾರವೇ ನಿದರ್ಶನ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ‘ಫ’ ಎಂಬ ಹೆಸರು ತಪ್ಪಾಗಿ ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಲಾಗದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಮಾತ್ರ ಸೇರಿಸಿದ್ದಾರೆ.

ಸೂತ್ರಕ್ಕೂ ಮಿತಿಯುಂಟು. ‘ಪಂಪ’, ‘ಪಮ್ಪ’ಗಳನ್ನು ಒಂದೆನ್ನುವುದು ಯುಕ್ತ. ಶಕಾರ ಸಕಾರಗಳನ್ನೂ ಎಲ್ಲೆಡೆ ಒಂದೆಂದರೆ ‘ಶಂಕರ’ನು ‘ಸಂಕರ’ನಾದಾನು! ಯಂತ್ರವು ಹೋಲುವ ಹೆಸರುಗಳನ್ನು ನಮ್ಮ ಮುಂದೆ ತಂದಿರಿಸಬಲ್ಲದು. ಅವು ಒಬ್ಬರವೋ ಇಬ್ಬರವೋ ಎಂಬ ನಿರ್ಣಯಕ್ಕೆ ತಂದೆಯ ಹೆಸರು, ಊರು, ಓದಿದ ವರ್ಷಗಳನ್ನು ನೋಡಲೇಬೇಕು. ನಾನು ಅಂದು ನೋಡದೆ ಬಿಟ್ಟುದು ಇವನ್ನೇ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ತಮ್ಮ ಹೆಸರನ್ನು ತಾವು ಬರೆಯುವ ಕ್ರಮದಲ್ಲಿಯೇ, ಕನ್ನಡದಲ್ಲಿ, ತಂದೆಯ ಹೆಸರು ಹಾಗೂ ಹುಟ್ಟೂರಿನೊಡನೆ ಶಾಲೆಗೆ ಬರೆದು ಕಳುಹಿಸಿರಿ. ಶಾಲೆಯು ತನ್ನ ಮಕ್ಕಳನ್ನು ಅವರ ಸ್ವಂತ ಹೆಸರಿನಿಂದಲೇ ಕರೆಯಬೇಕಷ್ಟೆ.