ಮುಸುಕಿನ ಜೋಳದಿಂದ ಗಣಕಯಂತ್ರಕ್ಕೆ: ಫೋರ್-ಎಚ್ ಕಲಿಸುವ ಪಾಠ

ಹೊಸ ತಳಿ, ಹೊಸ ಕ್ರಮಗಳನ್ನು ಒಪ್ಪಲು ಹಿರಿಯರು ಹಿಂದೆಮುಂದೆ ನೋಡುವುದು ಎಲ್ಲೆಡೆಯೂ ಉಂಟು. ಅಮೆರಿಕದ ಓಹಾಯೊದಲ್ಲಿ 1902ರಲ್ಲಿ ಶಾಲಾಧಿಕಾರಿ ಎ.ಬಿ. ಗ್ರಹಾಂ ಅವರು ಮಕ್ಕಳ ಸಂಘ ಕಟ್ಟಿ, ಮುಸುಕಿನ ಜೋಳ ಬೆಳೆಯಲು, ಲಿಟ್ಮಸ್ ಕಾಗದದಿಂದ ಮಣ್ಣು ಪರೀಕ್ಷಿಸಲು ಕಲಿಸಿದರು. ಇಂಥ ಸಂಘಗಳ ಮಕ್ಕಳ ತಾಕು ಕಂಡು ತಂದೆಯರೂ ಹೊಸ ಬೀಜಕ್ಕೆ ಒಲಿದರು. 1914ರ ಸ್ಮಿತ್-ಲಿವರ್ ಕಾಯಿದೆಯಿಂದ ವಿಸ್ತರಣಾ ಸೇವೆಯ ಬೆಂಬಲ ದೊರೆತು, ಇವು ಫೋರ್-ಎಚ್ ಎಂದು ಹೆಸರಾದವು.

ಮುಂದೆ ಅಲ್ಲಿ ಬೇಸಾಯದ ಕುಟುಂಬಗಳು ಕಡಿಮೆಯಾದವು. ಆದರೂ ಸಂಘ ಬಾಗಿಲು ಮುಚ್ಚಲಿಲ್ಲ. ಪೇಟೆಯ ಮಕ್ಕಳನ್ನೂ ಸೇರಿಸಿಕೊಂಡು ಗಣಕಯಂತ್ರ, ರೋಬಾಟ್‌ಗಳನ್ನೂ ಕಲಿಸತೊಡಗಿತು. ಆದರೆ ಮಾಡಿ ಕಲಿಯುವ ಪದ್ಧತಿಯನ್ನು ಮಾತ್ರ ಬಿಡಲಿಲ್ಲ.

ರೈತ ಬಾಂಧವರೇ, ಹೊಲದಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲವೆಂದರೆ ಮಕ್ಕಳು ಪೇಟೆಯ ಬಸ್ಸು ಹತ್ತುತ್ತಾರೆ. ಮುಂಗಾರಿಗೆ ಅವರಿಗೊಂದು ಗುಂಟೆ ಬಿಟ್ಟುಕೊಡಿ. ಬೀಜದ ಆಯ್ಕೆ, ಖರ್ಚಿನ ಲೆಕ್ಕ, ಬಂದ ಲಾಭ ಎಲ್ಲವೂ ಅವರದೇ ಆಗಲಿ.