ಓದು ಕಲಿಸೋದನ್ನ ಓದುವ ಶಿಕ್ಷಕರು

ಮಕ್ಕಳೇ, ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ನೋಟ್‌ಬುಕ್ಕಿನಲ್ಲಿ ‘ಭಕ್ತಿ’ ಅಂತ ದೊಡ್ಡದಾಗಿ ಬರೆಯಿರಿ. ಈಗ ಅದನ್ನೇ ಬಾಯಲ್ಲಿ ನಿಧಾನವಾಗಿ ಹೇಳಿ: ಭ, ಕ್, ತಿ. ‘ಇ’ ಎಂಬ ಸ್ವರ ಕೇಳಿಸಿದ್ದು ಯಾವುದರ ಜೊತೆ? ತಕಾರದ ಜೊತೆ, ಅಲ್ವಾ? ಆದರೆ ನೀವು ಬರೆದದ್ದನ್ನು ನೋಡಿ. ಗುಡಿಸು ಇರೋದು ಕಕಾರದ ಮೇಲೆ! ತಕಾರ ಪಾಪ, ಕೆಳಗೆ ಒತ್ತಾಗಿ ಕೂತಿದೆ.

ಇನ್ನೊಂದು ಪದ, ‘ಸೂರ್ಯ’. ಬಾಯಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಬರಹದಲ್ಲಿ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಕಿವಿಗೆ ಒಂದು ಕ್ರಮ, ಕಣ್ಣಿಗೆ ಇನ್ನೊಂದು ಕ್ರಮ.

ನಿಮ್ಮ ಪುಟ್ಟ ತಂಗಿ ‘ಭಕ್ತಿ’ಯನ್ನು ‘ಭಕಿತ’ ಅಂತ ಓದಿದಳು ಅನ್ನಿ. ನಾವೇನು ಮಾಡ್ತೀವಿ? ನಗ್ತೀವಿ. ಆದರೆ ಅವಳು ಬಾಯಿಗೆ ಬಂದದ್ದನ್ನು ಹೇಳಲಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದಳು. ಅವಳಿಗೆ ಅಕ್ಷರ ಗೊತ್ತು, ಗುಡಿಸು ಗೊತ್ತು, ಒತ್ತೂ ಗೊತ್ತು. ಒತ್ತು ಬಂದಾಗ ಸ್ವರ ಯಾರಿಗೆ ಸೇರುತ್ತದೆ ಎಂಬ ಒಂದೇ ಒಂದು ನಿಯಮ ಗೊತ್ತಿಲ್ಲ. ಇದು ತಿಳಿದ ಶಿಕ್ಷಕರು ಆ ನಿಯಮವನ್ನಷ್ಟೇ ಹೇಳಿಕೊಡುತ್ತಾರೆ. ತಿಳಿಯದವರು “ಇನ್ನೂ ಹತ್ತು ಸಲ ಓದು” ಅಂತಾರೆ.

ತಪ್ಪನ್ನು ಹೀಗೆ ಪತ್ತೆ ಹಚ್ಚುವುದೇ ಒಂದು ವಿದ್ಯೆ. ಅಮೆರಿಕದ ಶಾಲೆಗಳಲ್ಲಿ ಅದಕ್ಕೆ ಬೇರೆ ಹುದ್ದೆಯೇ ಉಂಟು. ಹೆಸರು ರೀಡಿಂಗ್ ಸ್ಪೆಷಲಿಸ್ಟ್, ಅಂದರೆ ಓದಿನ ತಜ್ಞ ಶಿಕ್ಷಕರು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಸಣ್ಣ ಗುಂಪಿನಲ್ಲಿ ಕೂರಿಸಿ ಕಲಿಸುವುದು, ಯಾರು ಎಲ್ಲಿ ಎಡವುತ್ತಾರೆ ಅಂತ ಕಂಡುಹಿಡಿಯುವುದು, ಬೇರೆ ಶಿಕ್ಷಕರಿಗೆ ದಾರಿ ಹೇಳುವುದು ಇವರ ಕೆಲಸ. ಅಲ್ಲಿನ ಹಲವು ರಾಜ್ಯಗಳಲ್ಲಿ ಈ ಹುದ್ದೆಗೆ ಪಾಠ ಮಾಡಿದ ಅನುಭವವೂ ಬೇಕು, ಸ್ನಾತಕೋತ್ತರ ಓದೂ ಬೇಕು.

“ಅ ಆ ಇ ಈ ಕಲಿಸೋಕೆ ಎಂ.ಎ. ಯಾಕೆ?” ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ.

ಮಾತು ಬೇರೆ, ಓದು ಬೇರೆ

ಮಾತಾಡೋದನ್ನು ನಿಮಗೆ ಯಾರೂ ಪಾಠ ಮಾಡಿ ಕಲಿಸಲಿಲ್ಲ. ಮನೆಯಲ್ಲಿ ಕೇಳಿ ಕೇಳಿ ಬಂತು. ಓದು ಹಾಗಲ್ಲ. ಮನುಷ್ಯರು ಬರೆಯಲು ಶುರು ಮಾಡಿ ಸುಮಾರು 5000 ವರ್ಷಗಳಷ್ಟೇ ಆಗಿವೆ. ಇಷ್ಟು ಕಡಿಮೆ ಕಾಲದಲ್ಲಿ ಓದಿಗೆಂದೇ ಮಿದುಳಿನಲ್ಲಿ ಒಂದು ಭಾಗ ಹುಟ್ಟಿಕೊಳ್ಳಲು ಸಾಧ್ಯವಿಲ್ಲ. ಹಾಗಾದರೆ ಓದೋದು ಹೇಗೆ? ಫ್ರಾನ್ಸಿನ ವಿಜ್ಞಾನಿ ಸ್ತಾನಿಸ್ಲಾಸ್ ದಹೇನ್ ಮತ್ತು ಅವರ ಜೊತೆಗಾರರು ಇದನ್ನು ಹುಡುಕಿದರು. ಮಿದುಳಿನ ಎಡಭಾಗದಲ್ಲಿ, ಹಿಂದೆ ಕೆಳಗಡೆ, ಮುಖ ಮತ್ತು ವಸ್ತುಗಳನ್ನು ಗುರುತಿಸುವ ಜಾಗವೊಂದಿದೆ. ಓದು ಕಲಿತಂತೆಲ್ಲಾ ಅದರ ಒಂದು ಪಾಲು ಅಕ್ಷರ ಗುರುತಿಸುವ ಕೆಲಸಕ್ಕೆ ಪಳಗುತ್ತದೆ. ಅಂದರೆ, ಓದು ಕಲಿಯುವ ಪ್ರತಿ ಮಗುವೂ ತನ್ನ ಮಿದುಳಿನೊಳಗೆ ಹೊಸ ದಾರಿ ಕಡಿಯಬೇಕು. ಕೆಲವರಿಗೆ ಬೇಗ ಆಗುತ್ತದೆ, ಕೆಲವರಿಗೆ ತಡವಾಗುತ್ತದೆ. ಅದಕ್ಕೂ ಜಾಣತನಕ್ಕೂ ಗಂಟು ಹಾಕಬಾರದು.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಲೆಕ್ಕದಲ್ಲಿ ಚುರುಕು, ಕಣ್ಣು ಸರಿಯಿದೆ, ಮಾತು ಸರಿಯಿದೆ. ಆದರೆ ಓದೋಕೆ ಬರಲ್ಲ. ಎಲ್ಲ ಪಾಠವನ್ನೂ ಬಾಯಲ್ಲೇ ಹೇಳುವಂತಿದ್ದರೆ ಶಾಲೆಗೇ ಇವನು ಮೊದಲಿಗನಾಗುತ್ತಿದ್ದ ಅಂತ ಅವನ ಮೇಷ್ಟ್ರೇ ಹೇಳಿದ್ದರಂತೆ. ಇಂದು ಇದನ್ನು ಡಿಸ್‌ಲೆಕ್ಸಿಯಾ ಎನ್ನುತ್ತೇವೆ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ನಿರ್ದಿಷ್ಟ ಕಲಿಕಾ ತೊಂದರೆಯನ್ನು ಒಪ್ಪಿಕೊಂಡಿದೆ.

ಓದಿನ ಗುಣಾಕಾರ

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು ಓದನ್ನು ಒಂದು ಗುಣಾಕಾರದಂತೆ ವಿವರಿಸಿದರು:

ಅಕ್ಷರ ಬಿಡಿಸುವುದು × ಮಾತು ತಿಳಿಯುವುದು = ಓದಿ ಅರ್ಥ ಮಾಡಿಕೊಳ್ಳುವುದು

ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಗಡಿಯಲ್ಲಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಮಲಯಾಳಂ ಲಿಪಿ ಕಲಿಯದ ಕಾಸರಗೋಡಿನ ಹುಡುಗ ಅಂಗಡಿಯಲ್ಲಿ ಮಲಯಾಳಂ ಸಲೀಸಾಗಿ ಮಾತಾಡಬಹುದು. ಬಸ್ಸಿನ ಬೋರ್ಡು ಮಾತ್ರ ಓದಲಾಗದು. ಅವನಿಗೆ ಮಾತು ಇದೆ, ಅಕ್ಷರ ಸೊನ್ನೆ. ಇನ್ನೊಂದು ಕಡೆ, ಹಿಂದಿ ಕಲಿತ ನೀವು ನಾಗರಿಯಲ್ಲಿ ಅಚ್ಚಾದ ಸಂಸ್ಕೃತ ಶ್ಲೋಕವನ್ನು ಗಟ್ಟಿಯಾಗಿ ಓದಬಲ್ಲಿರಿ. ಅರ್ಥ ಕೇಳಿದರೆ? ಅಕ್ಷರ ಇದೆ, ಮಾತು ಸೊನ್ನೆ.

ತರಗತಿಯಲ್ಲೂ ಹಾಗೇ. ಓದಿನಲ್ಲಿ ಹಿಂದೆ ಬಿದ್ದ ಇಬ್ಬರು ಹೊರಗಿನಿಂದ ಒಂದೇ ಥರ ಕಾಣಬಹುದು. ಒಬ್ಬನಿಗೆ ಒತ್ತಕ್ಷರದ ಕಷ್ಟ. ಇನ್ನೊಬ್ಬಳ ಮನೆಮಾತು ತುಳುವೋ ಮರಾಠಿಯೋ ತೆಲುಗೋ ಆಗಿದ್ದು, ಪುಸ್ತಕದ ಕನ್ನಡ ಪದಗಳೇ ಹೊಸದು. ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಒಬ್ಬರಿಗಾದರೂ ಅದು ನಾಟುವುದಿಲ್ಲ.

ರಾತ್ರಿ ವಿದ್ಯಾರ್ಥಿ, ಬೆಳಿಗ್ಗೆ ಟೀಚರ್

ಈಗ ಆ ಎಂ.ಎ. ವಿಷಯಕ್ಕೆ ಬರೋಣ. ಅಮೆರಿಕದ ಹಳ್ಳಿಶಾಲೆಯ ಶಿಕ್ಷಕಿಗೆ ವಿಶ್ವವಿದ್ಯಾಲಯ ನೂರಾರು ಕಿಲೋಮೀಟರ್ ದೂರವಿರಬಹುದು. ಕೆಲಸ ಬಿಟ್ಟು ಹೋದರೆ ಸಂಬಳವಿಲ್ಲ, ಶಾಲೆಗೆ ಟೀಚರೂ ಇಲ್ಲ. ಅದಕ್ಕೇ ಇಂಥ ಕೋರ್ಸುಗಳನ್ನು ಅನೇಕ ವಿಶ್ವವಿದ್ಯಾಲಯಗಳು ಆನ್‌ಲೈನ್‌ನಲ್ಲಿ ನಡೆಸುತ್ತವೆ. ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್. ಕೆಲಸ ಮಾಡುತ್ತಲೇ ಸುಮಾರು ಎರಡು ವರ್ಷದಲ್ಲಿ ಮುಗಿಸಬಹುದು.

ಹಗಲು ಪಾಠ ಮಾಡಿ ಬಂದ ಶಿಕ್ಷಕಿ ರಾತ್ರಿ ಉಪನ್ಯಾಸದ ವಿಡಿಯೋ ನೋಡುತ್ತಾರೆ, ಸಂಶೋಧನೆಗಳನ್ನು ಓದುತ್ತಾರೆ, ದೂರದ ಸಹಪಾಠಿಗಳ ಜೊತೆ ಚರ್ಚೆ ಮಾಡುತ್ತಾರೆ. ಭಾಷೆಯ ಧ್ವನಿಗಳು, ಮಿದುಳು, ಓದಿನ ತೊಂದರೆಗಳು, ಪರೀಕ್ಷಿಸುವ ಬಗೆ ಎಲ್ಲವೂ ಪಠ್ಯದಲ್ಲಿವೆ. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಓದು ಸಮಿತಿ ಕೊಟ್ಟ ವರದಿಯ ಐದು ಅಂಶಗಳು ಇಂಥ ಓದಿಗೆ ಬುನಾದಿ: ಪದದೊಳಗಿನ ಬಿಡಿ ಧ್ವನಿಗಳ ಅರಿವು, ಅಕ್ಷರ-ಧ್ವನಿ ಸಂಬಂಧ, ಸರಾಗ ಓದು, ಪದಸಂಪತ್ತು, ಅರ್ಥಗ್ರಹಣ.

ಆದರೆ ಮಗುವಿನ ಪಕ್ಕ ಕೂತು ಅದರ ಓದನ್ನು ಕೇಳಿಸಿಕೊಳ್ಳೋದನ್ನು ಪರದೆ ನೋಡಿ ಪೂರ್ತಿ ಕಲಿಯಲಾಗದು. ಈಜಿನ ಪುಸ್ತಕ ಓದಿ ಕೆರೆಗೆ ಇಳಿದ ಹಾಗಾಗುತ್ತದೆ. ಅದಕ್ಕೇ ಕೋರ್ಸಿನಲ್ಲಿ ಅಭ್ಯಾಸದ ಭಾಗ ಇರುತ್ತದೆ. ಶಿಕ್ಷಕಿ ನಿಜವಾದ ಮಕ್ಕಳಿಗೇ ಕಲಿಸಬೇಕು, ಅನೇಕ ಕಡೆ ತನ್ನ ಶಾಲೆಯಲ್ಲೇ. ತಂದೆತಾಯಿಯ ಒಪ್ಪಿಗೆ ಪಡೆದು ಆ ಪಾಠವನ್ನು ಚಿತ್ರೀಕರಿಸಿ ಕಳಿಸುವುದೂ ಉಂಟು. “ಇಲ್ಲಿ ಮಗು ತಡವರಿಸಿತು, ನೀವು ಬೇಗ ಉತ್ತರ ಹೇಳಿಬಿಟ್ಟಿರಿ” ಅಂತ ಪ್ರಾಧ್ಯಾಪಕರು ತಿದ್ದುತ್ತಾರೆ. ಆನ್‌ಲೈನ್ ಓದಿನ ಒಂದು ಲಾಭ ಏನೆಂದರೆ, ರಾತ್ರಿ ಕಲಿತದ್ದನ್ನು ಮರುದಿನ ಬೆಳಿಗ್ಗೆಯೇ ತರಗತಿಯಲ್ಲಿ ಮಾಡಿ ನೋಡಬಹುದು.

ಶಿಕ್ಷಕರು ಓದಿದರೆ ಮಕ್ಕಳಿಗೆ ಉಪಯೋಗ ಆಗುತ್ತದೆಯೇ? ಮಿಸಿಸಿಪ್ಪಿ ಎಂಬ ಬಡ ರಾಜ್ಯವನ್ನು ನೋಡಿ. 2013ರಲ್ಲಿ ಅಲ್ಲಿ ಓದಿನ ಕಾನೂನು ಬಂತು. ಶಿಕ್ಷಕರಿಗೆ ಓದಿನ ವಿಜ್ಞಾನದ ತರಬೇತಿ ಕೊಟ್ಟರು, ಕೆಲವು ಭಾಗ ಆನ್‌ಲೈನ್, ಕೆಲವು ಎದುರುಬದುರು. ಹಿಂದುಳಿದ ಶಾಲೆಗಳಿಗೆ ಓದಿನ ಮಾರ್ಗದರ್ಶಕರನ್ನು ಕಳಿಸಿದರು. ರಾಷ್ಟ್ರೀಯ ಪರೀಕ್ಷೆಯಲ್ಲಿ ಆ ರಾಜ್ಯದ ನಾಲ್ಕನೇ ತರಗತಿಯ ಓದಿನ ಸರಾಸರಿ 2013ರಲ್ಲಿ 209 ಇದ್ದದ್ದು 2019ರಲ್ಲಿ 219 ಆಯಿತು, ದೇಶದ ಸರಾಸರಿಗೆ ಸಮ. ಮೂರನೇ ತರಗತಿಯಲ್ಲಿ ಓದು ಬಾರದವರನ್ನು ಅಲ್ಲೇ ಉಳಿಸಿಕೊಳ್ಳುವ ನಿಯಮವೂ ಜೊತೆಗೇ ಬಂದಿತ್ತು. ಹಾಗಾಗಿ ಯಾವುದರ ಪಾಲು ಎಷ್ಟು ಎಂಬ ಚರ್ಚೆ ಇದೆ.

ಕನ್ನಡಕ್ಕೆ ಬಂದರೆ

ಇಂಗ್ಲಿಷಿನ ಲೆಕ್ಕವನ್ನು ಹಾಗೇ ಕನ್ನಡಕ್ಕೆ ಹಾಕೋಕಾಗಲ್ಲ. ಅವರಿಗೆ ಅಕ್ಷರ 26, ಉಚ್ಚಾರಣೆಯ ಗೊಂದಲ ಹೆಚ್ಚು. ನಮ್ಮಲ್ಲಿ ಉಚ್ಚಾರಣೆ ಬಹಳ ಮಟ್ಟಿಗೆ ನೇರ, ಆದರೆ ಅಕ್ಷರಗಳು ಹೆಚ್ಚು. 34 ವ್ಯಂಜನಗಳಿಗೆ 13 ಸ್ವರ ಸೇರಿಸಿದರೆ ಗುಣಿತಾಕ್ಷರಗಳೇ 442. ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಅಕ್ಷರ ಕಲಿಕೆ ನಮ್ಮಲ್ಲಿ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಹಾಗಿರುವಾಗ ಎರಡನೇ ತರಗತಿಯ ಮಗು ‘ಭಕ್ತಿ’ಗೆ ಎಡವಿದರೆ ಅಚ್ಚರಿಯೇನು?

ನಮ್ಮ ದೇಶದಲ್ಲೂ ಶಿಕ್ಷಕರು ದೀಕ್ಷಾ ಜಾಲತಾಣದಲ್ಲಿ ನಿಷ್ಠಾ ಕೋರ್ಸುಗಳ ಮೂಲಕ ಆರಂಭಿಕ ಓದು-ಬರಹದ ಬಗ್ಗೆ ಕಲಿಯುತ್ತಿದ್ದಾರೆ. ಅವು ಪದವಿಯಲ್ಲ, ಚಿಕ್ಕ ತರಬೇತಿಗಳು. ಕನ್ನಡದ ಓದನ್ನೇ ಆಳವಾಗಿ ಬಲ್ಲ ತಜ್ಞ ಶಿಕ್ಷಕರು ಗಡಿಯ ಶಾಲೆಗಳಿಗೂ ಬೇಕು. ನಾಳೆ ಅವರಲ್ಲಿ ನೀವೂ ಒಬ್ಬರಾಗಬಹುದು.

ಮಾಡಿ ನೋಡಿ

ತಮ್ಮನೋ ತಂಗಿಯೋ ಇದ್ದರೆ ಅವರ ಪಾಠಪುಸ್ತಕದಿಂದ 100 ಪದಗಳ ಭಾಗ ಓದಿಸಿ. ಸರಿ ಓದಿದ ಪ್ರತಿ ಪದಕ್ಕೂ ಒಂದು ಗುರುತು ಹಾಕಿ. ತಪ್ಪಿದರೆ ಓದಿದ್ದನ್ನು ಹಾಗೇ ಬರೆದುಕೊಳ್ಳಿ. ತಾವೇ ತಿದ್ದಿಕೊಂಡರೆ ತಪ್ಪೆಂದು ಎಣಿಸಬೇಡಿ. ನ್ಯೂಜಿಲೆಂಡಿನ ಮೇರಿ ಕ್ಲೇ ರೂಢಿಗೆ ತಂದ ಲೆಕ್ಕದಂತೆ, ತಪ್ಪು 5ರೊಳಗಿದ್ದರೆ ಪುಸ್ತಕ ಸುಲಭ, 10ರವರೆಗೆ ಇದ್ದರೆ ಪಕ್ಕದಲ್ಲಿ ಒಬ್ಬರು ಬೇಕು, ಅದಕ್ಕೂ ಮೀರಿದರೆ ಕಷ್ಟ. ಇದು ಇಂಗ್ಲಿಷ್ ಪುಸ್ತಕಗಳಿಗೆ ಮಾಡಿದ ಲೆಕ್ಕ. ನೀವು ಅಂಕಿಗಿಂತ ತಪ್ಪಿನ ಜಾತಿ ನೋಡಿ: ದೀರ್ಘವೇ, ಒತ್ತೇ, ಅರ್ಕಾವತ್ತೇ, ಅಥವಾ ಪದವೇ ಹೊಸದೇ? ಪಟ್ಟಿಯನ್ನು ನಿಮ್ಮ ಟೀಚರಿಗೆ ತೋರಿಸಿ. ನಗೋದು ಮಾತ್ರ ಬೇಡ.

ಇದನ್ನು ಓದುತ್ತಿರುವ ನಿಮಗೇ ಓದು ನಿಧಾನವೇ? ಹಾಗಿದ್ದರೆ “ನಂಗೆ ಓದೋಕೆ ಬರಲ್ಲ” ಅನ್ನಬೇಡಿ. “ಸಾರ್, ನಾನು ಇಲ್ಲಿ ಎಡವ್ತೀನಿ” ಅಂತ ಆ ಪದದ ಮೇಲೆ ಬೆರಳಿಟ್ಟು ತೋರಿಸಿ. ಕಲಿಸುವವರಿಗೆ ಬೇಕಾದ ಸುಳಿವು ಅದೇ.