ಮೂವತ್ತು ಮಗ್ಗುಲು, ಒಬ್ಬಳೇ ಆಯಾ

ಸಂಜೆ ಏಳೂಕಾಲಿನ ಸಿಟಿ ಬಸ್ಸಿನಲ್ಲಿ ನೀವು ಆಕೆಯನ್ನು ನೋಡಿರಬಹುದು. ತೊಡೆಯ ಮೇಲೆ ಸ್ಟೀಲ್ ಟಿಫನ್ ಡಬ್ಬಿ, ಮಡಿಸಿದ ಸ್ವೆಟರ್. ನೀವು ಕೆಲಸ ಮುಗಿಸಿ ಮನೆಗೆ ಹೊರಟ ಹೊತ್ತಿಗೆ ಆಕೆ ಕೆಲಸಕ್ಕೆ ಹೊರಟಿರುತ್ತಾಳೆ. ಕೊನೇ ಸ್ಟಾಪಿನಲ್ಲಿಳಿದು ಒಂದು ಫರ್ಲಾಂಗ್ ನಡೆದರೆ ವೃದ್ಧಾಶ್ರಮ. ಮುಂಬಾಗಿಲಲ್ಲಿ ದಾನಿಗಳ ಹೆಸರು ಕೆತ್ತಿದ ಗ್ರಾನೈಟ್ ಕಲ್ಲಿದೆ. ಆಯಾಗಳ ಹೆಸರು ಎಲ್ಲೂ ಇಲ್ಲ, ಹಾಜರಿ ಪುಸ್ತಕದಲ್ಲೂ ಇಲ್ಲ.

'ಹೆಸರು ಹಾಕ್ಬೇಡಿ ಸಾರ್, ಇರೋ ಕೆಲ್ಸಾನೂ ಹೋಗುತ್ತೆ' ಎಂದು ಆಕೆ ಕೈಮುಗಿದಳು. ಹಾಗಾಗಿ ಇಲ್ಲಿ ಆಕೆಯ ಹೆಸರಿಲ್ಲ, ಆಶ್ರಮದ ಹೆಸರೂ ಇಲ್ಲ. ವಿಷಯ ಮಾತ್ರ ಇದೆ.

ಲೆಕ್ಕ ನೀವೇ ಹಾಕಿ

ಅಲ್ಲಿರುವ ಹಿರಿಯರು 22 ಮಂದಿ. ಅವರಲ್ಲಿ 6 ಜನ ಹಾಸಿಗೆ ಬಿಟ್ಟು ಏಳಲಾರರು. ರಾತ್ರಿ ಎಂಟರಿಂದ ಬೆಳಗಿನ ಆರರವರೆಗೆ ಇರುವುದು ಒಬ್ಬಳೇ ಆಯಾ.

ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಸೊಂಟ, ಹಿಮ್ಮಡಿಯ ಚರ್ಮಕ್ಕೆ ರಕ್ತ ಸರಿಯಾಗಿ ಓಡುವುದಿಲ್ಲ. ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆದು ಹುಣ್ಣಾಗುತ್ತದೆ, ಕೀವು ತುಂಬಿದರೆ ಜೀವಕ್ಕೇ ಸಂಚಕಾರ. ಇಂಥವರಿಗೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಆಸ್ಪತ್ರೆಗಳ ಹಳೇ ಪಾಠ. ಹತ್ತು ತಾಸಿಗೆ ತಲಾ 5 ಸಲ, ಆರು ಜನಕ್ಕೆ 30 ಸಲ. ಭಾರವಾದ ಮೈಯಾದರೆ ಹೊರಳಿಸಲು ಇಬ್ಬರು ಬೇಕು.

'ಎರಡು ಸಲ ಮಾಡ್ತೀನಿ ಸಾರ್, ಸುಳ್ಳು ಹೇಳಲ್ಲ. ಅಷ್ಟೊತ್ತಿಗೆ ಆ ಕಡೆ ರೂಮಿನ ಅಜ್ಜಾರು ಕತ್ತಲಲ್ಲಿ ಎದ್ದು ಬಿದ್ದಿರ್ತಾರೆ. ಯಾರನ್ನ ಬಿಟ್ಟು ಯಾರನ್ನ ಹಿಡೀಲಿ?'

ಸಂಬಳ ತಿಂಗಳಿಗೆ 8 ಸಾವಿರ, ಅದೂ ಹದಿನೈದನೇ ತಾರೀಖಿಗೆ. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಎತ್ತಿ ಎತ್ತಿ ನಡು ಹಿಡಿದುಕೊಂಡರೆ ಮಾತ್ರೆ ಸ್ವಂತ ಖರ್ಚು. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ ಆಯಿತಲ್ಲ, ಆಕೆಗೆ ಅದೊಂದೇ ಉಳಿತಾಯ. ಅಂಗಡಿ ಹುಡುಗನಿಗೂ ವಾರಕ್ಕೊಂದು ರಜೆ ಕೊಡಬೇಕೆಂದು 1961ರ ರಾಜ್ಯ ಕಾಯ್ದೆ ಹೇಳುತ್ತದೆ. ಈಕೆ ರಜೆ ಹಾಕಿದರೆ ಆ ದಿನದ ಸಂಬಳ ಖೋತಾ.

ಕಮಿಟಿಯವರ ಮಾತು

ಕಾರ್ಯದರ್ಶಿಗಳು ಸಿಟ್ಟಾಗಲಿಲ್ಲ. 'ಹುಟ್ಟುಹಬ್ಬ, ತಿಥಿ ಅಂತ ಊಟ ಹಾಕಿಸ್ತಾರೆ. ಫ್ಯಾನ್ ಕೊಟ್ಟು ಹೆಸರು ಬರೆಸ್ತಾರೆ. ಸಂಬಳಕ್ಕೆ ಕೊಡಿ ಅಂದ್ರೆ ಒಬ್ಬರೂ ಚೆಕ್ ಬರೆಯಲ್ಲ' ಎಂದರು. ಈ ಮಾತು ನಮಗೆಲ್ಲ ತಾಕಬೇಕಾದ್ದೇ. ಆದರೆ ಮುಂದಿನ ಹಾಲಿಗೆ ಹೊಸ ಟೈಲ್ಸ್ ಹಾಕಲು ದುಡ್ಡು ಎಲ್ಲಿಂದ ಬಂತು ಎಂದಾಗ ನಕ್ಕು ಸುಮ್ಮನಾದರು.

ಕಾಯ್ದೆ ಇಲ್ಲವೆಂದಲ್ಲ. 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಬಡ ಹಿರಿಯರಿಗೆ ಸಾಲುವ ಆಶ್ರಮದ ಮಾತಿದೆ. ನೋಡಿಕೊಳ್ಳದ ಮಕ್ಕಳ ಮೇಲೆ ಜೀವನಾಂಶಕ್ಕೆ ಅರ್ಜಿ ಹಾಕಬಹುದು. ಹಿರಿಯರನ್ನು ಬೀದಿಗೆ ಬಿಟ್ಟವರಿಗೆ 3 ತಿಂಗಳವರೆಗೆ ಜೈಲು ಅಥವಾ 5 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಎಷ್ಟು ಹಿರಿಯರಿಗೆ ಎಷ್ಟು ಆಯಾ ಎಂಬ ಲೆಕ್ಕ ಆ ಕಾಯ್ದೆಯಲ್ಲಿಲ್ಲ.

ಹೋದಾಗ ಏನು ನೋಡಬೇಕು?

ನಿಮ್ಮವರನ್ನು ಸೇರಿಸುವ ಮುಂಚೆ ಗ್ರಾನೈಟ್ ನೋಡಬೇಡಿ. ರಾತ್ರಿ ಎಷ್ಟು ಜನ ಕೆಲಸಕ್ಕಿರುತ್ತಾರೆ ಕೇಳಿ. ನೀರಿನ ಲೋಟ ಕೈಗೆಟುಕುವಂತಿದೆಯೇ ನೋಡಿ. ಆಗಲೇ ಸೇರಿಸಿದ್ದರೆ ಹೊದಿಕೆ ಸರಿಸಿ ಹಿಮ್ಮಡಿ ನೋಡಿ. ಆಯಾಗಳು ಎಷ್ಟು ವರ್ಷದಿಂದ ಇದ್ದಾರೆ ವಿಚಾರಿಸಿ. ಮೂರು ತಿಂಗಳಿಗೊಬ್ಬರು ಬದಲಾಗುವ ಕಡೆ ಅಜ್ಜಿಗೆ ಯಾವ ಮಾತ್ರೆ ಆಗದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಅನ್ಯಾಯ ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಆಕೆ ಗೇಟು ದಾಟುವಾಗ ಕಿಟಕಿಯಿಂದ ಒಬ್ಬ ಅಜ್ಜಿ ಕೂಗಿದರು: 'ಮಗಾ, ಬಂದ್ಯಾ? ಬೆನ್ನು ಉರೀತಾ ಅದೆ ಕಣೇ.' ಡಬ್ಬಿ ಕೆಳಗಿಡುವುದಕ್ಕೂ ಮುಂಚೆ ಆಕೆ ಒಳಗೆ ಓಡಿದಳು.

ಮುಂದಿನ ಹುಟ್ಟುಹಬ್ಬಕ್ಕೆ ಹೋಳಿಗೆ ಊಟ ಹಾಕಿಸಬೇಕೆಂದಿರುವ ಮಹನೀಯರೇ, ನಾಲ್ಕು ಜನ ಸೇರಿ ರಾತ್ರಿಗೆ ಇನ್ನೊಬ್ಬ ಆಯಾಳ ಸಂಬಳ ವಹಿಸಿಕೊಳ್ಳಿ. ಹೋಳಿಗೆ ಒಂದು ಮಧ್ಯಾಹ್ನದ್ದು. ರಾತ್ರಿ ದಿನಾ ಬರುತ್ತದೆ.